ಬೀಗ ಇರುವ ಟ್ಯಾಂಕ್ ಮುಚ್ಚಳ: 'ಬಿರಡೆ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಾರು ಬಳಸುವವರಿಗೆ ಕೊಡುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಂಜಿನ್ನು, ಬ್ರೇಕು, ದೀಪ ಎಲ್ಲ ದಾಟಿ ಬಂದು ಪೆಟ್ರೋಲ್ ಹಾಕುವ ಜಾಗದಲ್ಲಿ ನಿಂತುಬಿಟ್ಟಿದ್ದೇನೆ. ಅಲ್ಲಿ ಬೀಗ ಇರುವ ಒಂದು ಮುಚ್ಚಳ ಇದೆ. ಕೈಯಲ್ಲಿ ಬಲ ಸಾಲದವರು ಅದನ್ನು ತಿರುಗಿಸಲು ಒಂದು ಸಣ್ಣ ಸಲಕರಣೆಯೂ ಇದೆ. ಎರಡಕ್ಕೂ ಓದಿದ ತಕ್ಷಣ ತಿಳಿಯುವಂಥ ಹೆಸರು ಬೇಕು. ನಾನು ಯೋಚಿಸಿದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲು ಬರೆದದ್ದು 'ಇಂಧನ ಮುಚ್ಚಳ'. ಬರೆದು ಅಳಿಸಿದೆ. ಅದು ಇಂಧನದ ಮೇಲೆ ಮುಚ್ಚುವ ಏನೋ ಒಂದು ಅನ್ನಿಸುತ್ತದೆ, ಟ್ಯಾಂಕಿನ ಬಾಯಿ ಕಣ್ಣಿಗೆ ಬರುವುದಿಲ್ಲ. ಮಾತಿನಲ್ಲಿ ಯಾರೂ ಹಾಗೆ ಹೇಳುವುದೂ ಇಲ್ಲ, 'ಟ್ಯಾಂಕ್ ಮುಚ್ಚಳ' ಅಥವಾ 'ಪೆಟ್ರೋಲ್ ಟ್ಯಾಂಕ್ ಕ್ಯಾಪ್' ಅನ್ನುತ್ತಾರೆ. ಹಾಗಾಗಿ 'ಟ್ಯಾಂಕ್ ಮುಚ್ಚಳ' ಉಳಿಸಿಕೊಂಡೆ. ತೊಡಕು ಶುರುವಾದದ್ದು ಅದಕ್ಕೆ ಬೀಗ ಸೇರಿಸಿದಾಗ.

'ಬೀಗದ ಮುಚ್ಚಳ' ಸಾಕಲ್ವಾ ಅನ್ನಿಸಬಹುದು. ಆದರೆ ಈ ಮುಚ್ಚಳದ ಮೇಲೆ ಕೀ ಹಾಕುವ ತೂತು ಇರುತ್ತದೆ, ಆ ತೂತಿಗೆ ಧೂಳು ನೀರು ಹೋಗದಂತೆ ಬಹಳಷ್ಟು ಮುಚ್ಚಳಗಳಲ್ಲಿ ಇನ್ನೊಂದು ಪುಟ್ಟ ಮುಚ್ಚಳ ಇರುತ್ತದೆ. ನಿಜವಾಗಿ 'ಬೀಗದ ಮುಚ್ಚಳ' ಅಂದರೆ ಅದೇ! ಕೈಪಿಡಿಯಲ್ಲಿ ಎರಡೂ ಬೆನ್ನುಬೆನ್ನಿಗೆ ಬರುತ್ತವೆ: ಪುಟ್ಟದನ್ನು ಪಕ್ಕಕ್ಕೆ ಸರಿಸಿ, ಕೀ ಹಾಕಿ, ದೊಡ್ಡದನ್ನು ಬಿಚ್ಚಿ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುವವರು ಯಾವುದನ್ನು ಸರಿಸಬೇಕು, ಯಾವುದನ್ನು ಬಿಚ್ಚಬೇಕು?

'ಕೀಲಿ ಮುಚ್ಚಳ' ನೋಡಿದೆ. ಅಲ್ಲಿ ಬೇರೆ ಕಷ್ಟ. ಉತ್ತರ ಕರ್ನಾಟಕದ ಮಾತಿನಲ್ಲಿ ಕೀಲಿ ಅಂದರೆ ಬೀಗ, 'ಮನೆಗೆ ಕೀಲಿ ಹಾಕಿ ಬಾ' ಅನ್ನುತ್ತಾರೆ. ಅದನ್ನು ತೆಗೆಯುವುದು ಕೀಲಿಕೈ. ಬೇರೆ ಕಡೆ ಕೀಲಿ ಅಂದರೆ ಕೀ ಅಂತಲೇ ತಿಳಿಯುವವರು ಜಾಸ್ತಿ, ಕೀಲಿಮಣೆ ಅನ್ನುವಾಗಲೂ ಅದೇ ಅರ್ಥ. 'ಕೀಲಿ ತಿರುಗಿಸಿ' ಅಂತ ಬರೆದರೆ ಒಬ್ಬರು ಕೈಯಲ್ಲಿರುವ ಕೀ ತಿರುಗಿಸುತ್ತಾರೆ, ಇನ್ನೊಬ್ಬರು ಬೀಗವನ್ನೇ ಹಿಡಿದು ತಿರುಗಿಸಲು ನೋಡುತ್ತಾರೆ. ಎರಡೂ ಸರಿಯಾದ ಕನ್ನಡವೇ. ಕೈಪಿಡಿಗೆ ಮಾತ್ರ ಆಗಿಬರುವುದಿಲ್ಲ. ಸದ್ಯಕ್ಕೆ 'ಬೀಗ' ಮತ್ತು 'ಕೀ' ಎಂದು ಇಟ್ಟುಕೊಂಡಿದ್ದೇನೆ.

ಈಗ ನನ್ನನ್ನು ತುಂಬ ಕಾಡಿದ ವಿಷಯಕ್ಕೆ ಬರುತ್ತೇನೆ. ಬೀಗ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಬಿಗಿತ. ಹಾಕಿದ ಬೀಗ ಎಳೆದರೂ ಜಗ್ಗಬಾರದು. ಈ ಮುಚ್ಚಳಗಳಲ್ಲಿ ಒಂದು ಬಗೆಯಲ್ಲಿ ನಡೆಯುವುದು ಅದಕ್ಕೆ ತಿರುಗುಮುರುಗು. ಅದರಲ್ಲಿ ಎರಡು ಭಾಗ. ಒಳಗಿನದು ಟ್ಯಾಂಕಿಗೆ ಹೋಗುವ ಕೊಳವೆಯ ಬಾಯಲ್ಲಿ ಬಿಗಿಯಾಗಿ ಕೂತಿರುತ್ತದೆ, ಹೊರಗಿನದು ನಮ್ಮ ಕೈಗೆ ಸಿಗುತ್ತದೆ. ಬೀಗ ಹಾಕಿದಾಗ ಇವೆರಡರ ನಡುವಿನ ಹಿಡಿತ ಬಿಟ್ಟುಹೋಗುತ್ತದೆ. ಆಮೇಲೆ ಹೊರಗಿನದನ್ನು ಎಷ್ಟು ತಿರುಗಿಸಿದರೂ ಅದು ಸುಮ್ನೆ ಸುತ್ತುತ್ತದೆ, ಒಳಗಿನದು ಕದಲುವುದಿಲ್ಲ. ಕೀ ತಿರುಗಿಸಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆಗ ಬಿಚ್ಚಬಹುದು. ಅಂದರೆ ಇಲ್ಲಿ ಬೀಗ ಹಾಕುವುದೆಂದರೆ ಹಿಡಿತ ಬಿಡುವುದು, ತೆಗೆಯುವುದೆಂದರೆ ಹಿಡಿತ ಕೂಡಿಸುವುದು!

'ಬೀಗ ಹಾಕಿದ ಮೇಲೆ ಮುಚ್ಚಳ ಸಡಿಲವಾಗಿ ತಿರುಗಬೇಕು' ಅಂತ ಮೊದಲು ಬರೆದಿದ್ದೆ. ಓದಿದವರೊಬ್ಬರು ಗಾಬರಿಯಾದರು. ಸಡಿಲವಾಗಿದ್ದರೆ ದಾರಿಯಲ್ಲಿ ಬಿದ್ದುಹೋಗುವುದಿಲ್ಲವೇ ಅಂತ ಕೇಳಿದರು. ಅವರು ಕೇಳಿದ್ದು ಸರಿ, ಸಡಿಲ ಅನ್ನುವ ಮಾತಿಗೆ ಬೀಳುವ ಭಯ ಅಂಟಿಕೊಂಡೇ ಇದೆ. ಮೆಕ್ಯಾನಿಕ್‌ಗಳು 'ಫ್ರೀ ಆಗಿ ತಿರುಗುತ್ತೆ' ಅನ್ನುತ್ತಾರೆ. 'ಬರಿದೆ ಸುತ್ತುತ್ತದೆ' ಅಂದರೆ ಹೇಗೆ? ತಿರುಗುವುದಕ್ಕೂ ಸುತ್ತುವುದಕ್ಕೂ ಇರುವ ಸಣ್ಣ ವ್ಯತ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ತಿರುಗಿಸಿದರೆ ಏನೋ ಆಗುತ್ತದೆ, ಬರಿದೆ ಸುತ್ತಿದರೆ ಏನೂ ಆಗುವುದಿಲ್ಲ.

ಹೀಗೆ ಹುಡುಕುವಾಗ ನೆನಪಾದದ್ದು 'ಬಿರಡೆ'. ಮುಚ್ಚಳ ಮೇಲೆ ಕೂರುತ್ತದೆ, ಬಿರಡೆ ಬಾಯೊಳಗೆ ಇಳಿಯುತ್ತದೆ. ಪಾತ್ರೆಗೆ ಮುಚ್ಚಳ, ಸೀಸೆಗೆ ಬಿರಡೆ. ಈಗಿನ ಕಾರುಗಳ ಟ್ಯಾಂಕ್ ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿ. ಥ್ರೆಡ್ ಇರುವ ಭಾಗ ಕೆಳಕ್ಕೆ ಚಾಚಿಕೊಂಡಿರುತ್ತದೆ, ಕೊಳವೆಯ ಬಾಯೊಳಗೆ ಇಳಿದು ಕೂರುತ್ತದೆ. ವೀಣೆಯ ತಂತಿ ಬಿಗಿಯಲು ತಿರುಗಿಸುತ್ತೇವಲ್ಲ, ಅದಕ್ಕೂ ಬಿರಡೆ ಅಂತಲೇ ಹೆಸರು. ಬಾಯಿ ಮುಚ್ಚುವುದು, ತಿರುಗಿಸಿ ಬಿಗಿಯುವುದು, ಎರಡು ಅರ್ಥವೂ ಒಂದೇ ಪದದಲ್ಲಿ ಮೊದಲಿನಿಂದ ಇವೆ. ಇಷ್ಟು ಚೆನ್ನಾಗಿ ಹೊಂದುವ ಪದ ಸೀಸೆಗೂ ವೀಣೆಗೂ ನಿಂತುಹೋಗಿದೆಯಲ್ಲಾ ಅಂತ ನಿಜಕ್ಕೂ ಬೇಸರವಾಯಿತು.

ಇನ್ನೊಂದು ಉಪಯೋಗವೂ ಇದೆ. ಕೆಲವು ಕಾರುಗಳಲ್ಲಿ ಈಗ ತಿರುಗಿಸುವ ಮುಚ್ಚಳವೇ ಇರುವುದಿಲ್ಲ. ಸ್ಪ್ರಿಂಗ್ ಇರುವ ಪುಟ್ಟ ಹಲಗೆಯೊಂದು ಬಾಯಿ ಮುಚ್ಚಿರುತ್ತದೆ, ಪೆಟ್ರೋಲ್ ಹಾಕುವ ನಳಿಕೆ ತಳ್ಳಿದಾಗ ಒಳಕ್ಕೆ ಮಡಿಯುತ್ತದೆ. ಅಲ್ಲಿ 'ಮುಚ್ಚಳ ಇದೆ, ಬಿರಡೆ ಇಲ್ಲ' ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು.

ಒಂದು ಅನುಮಾನ ಮಾತ್ರ ಉಳಿದಿದೆ. ಬಿರಡೆ ಅಂದರೆ ಗಾಳಿಯೂ ಆಡದಂತೆ ಜಡಿದದ್ದು ಅನ್ನುವ ಭಾವನೆ ಇದೆ. ಟ್ಯಾಂಕಿನ ಬಿರಡೆ ಪೂರ್ತಿ ಹಾಗಲ್ಲ. ಪೆಟ್ರೋಲ್ ಕಡಿಮೆಯಾದಂತೆ ಒಳಗೆ ಗಾಳಿ ಹೋಗದಿದ್ದರೆ ಪಂಪು ಎಳೆಯಲು ಒದ್ದಾಡುತ್ತದೆ, ಅದಕ್ಕೇ ಎಷ್ಟೋ ಬಿರಡೆಗಳಲ್ಲಿ ಬೇಕಾದಾಗ ಗಾಳಿ ಬಿಡುವ ಸಣ್ಣ ಕವಾಟ ಇರುತ್ತದೆ. ಪದವನ್ನು ಬಿಟ್ಟುಬಿಡುವಷ್ಟು ದೊಡ್ಡ ಅಡ್ಡಿ ಇದು ಅಂತ ನನಗೆ ಅನ್ನಿಸಿಲ್ಲ.

ಹೊರಗಡೆ, ಕಾರಿನ ಮೈಗೆ ಸಮನಾಗಿ ಇರುವ ಚಿಕ್ಕ ಬಾಗಿಲಿಗೆ 'ದಿಡ್ಡಿ' ಅಂದಿದ್ದೇನೆ. 'ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಅನ್ನುವ ಗಾದೆಯಿಂದ ಪದ ಎಲ್ಲರಿಗೂ ಗೊತ್ತು. ದೊಡ್ಡ ಗೋಡೆಯಲ್ಲಿ ಚಿಕ್ಕ ಬಾಗಿಲು, ಸರಿಹೋಗುತ್ತದೆ.

ಕ್ರಿಯಾಪದಗಳನ್ನೂ ನೋಡಿಕೊಳ್ಳಬೇಕಾಯಿತು. ದಿಡ್ಡಿ ತೆಗೆ, ಬೀಗ ತೆಗೆ, ಬಿರಡೆ ತೆಗೆ ಅಂತ ಬರೆದರೆ ಮೂರೂ ಕೆಲಸ ಒಂದೇ ಆಗಿ ಕಾಣುತ್ತದೆ. ಆದರೆ ಕೊನೆಯದರಲ್ಲಿ ಅವಸರ ಮಾಡಬಾರದು. ಟ್ಯಾಂಕಿನ ಒಳಗೆ ಆವಿ ಒತ್ತಿಕೊಂಡಿದ್ದರೆ ಒಮ್ಮೆಲೇ ಬಿಚ್ಚಿದಾಗ ಪೆಟ್ರೋಲ್ ಚಿಮ್ಮಬಹುದು. ಅದಕ್ಕೆ ಹೀಗೆ ಬರೆದಿದ್ದೇನೆ: 'ದಿಡ್ಡಿ ತೆರೆಯಿರಿ. ಬೀಗ ತೆಗೆಯಿರಿ. ಬಿರಡೆಯನ್ನು ನಿಧಾನವಾಗಿ ಸಡಿಲಿಸಿ. ಬುಸ್ ಎನ್ನುವ ಸದ್ದು ನಿಲ್ಲುವ ತನಕ ಕಾಯಿರಿ. ಆಮೇಲೆ ಪೂರ್ತಿ ಬಿಚ್ಚಿರಿ.' ಇಲ್ಲಿ 'ಸಡಿಲಿಸಿ' ಸರಿಯಾದ ಜಾಗದಲ್ಲಿದೆ ಅಂತ ನನ್ನ ನಂಬಿಕೆ.

ಇನ್ನು ಸಲಕರಣೆ. ಉದ್ದನೆಯ ಹಿಡಿಕೆ, ತುದಿಯಲ್ಲಿ ಅಗಲವಾದ ಸೀಳು. ಬಿರಡೆಯ ನಡುವೆ ಎದ್ದುನಿಂತ ಏಣಿನ ಮೇಲೆ ಆ ಸೀಳನ್ನು ಕೂರಿಸಿ ಹಿಡಿಕೆ ತಿರುಗಿಸಬೇಕು. ಕೈ ನಡುವಿನಿಂದ ದೂರ ಇದ್ದಷ್ಟೂ ಬಲ ಕಡಿಮೆ ಸಾಕು, ಬೆರಳಿನ ಗಂಟು ನೋಯುವವರಿಗೆ ಇದು ದೊಡ್ಡ ಅನುಕೂಲ. 'ತೆರೆಯುವ ಸಾಧನ' ಅಂದರೆ ಕೀ ಇಲ್ಲದೆ ಬೀಗ ತೆಗೆಯುವ ಉಪಾಯ ಅನ್ನಿಸಿಬಿಡುತ್ತದೆ. ಇದು ಬೀಗವನ್ನು ಮುಟ್ಟುವುದೇ ಇಲ್ಲ, ಕೀ ಬೇಕೇ ಬೇಕು. ಊರುಗೋಲು, ಕಡೆಗೋಲು ಇರುವ ಹಾಗೆ 'ತಿರುಪುಗೋಲು' ಅಂತ ಮಾಡಿದೆ. ತಿರುಪು ಅಂದರೆ ತಿರುಗಿಸು ಅನ್ನುವ ಹಳೆಯ ಪದ, ತಿರುಪುಮೊಳೆಯಲ್ಲಿ ಇನ್ನೂ ಉಳಿದಿದೆ. ಆದರೆ ಕೇಳಿದ ಕೂಡಲೇ ಕೆಲವರಿಗೆ ತಿರುಪೆ ನೆನಪಾಗುತ್ತದೆ, ಅದೇ ಯೋಚನೆ. 'ತಿರುಗಿಸುವ ಹಿಡಿಕೆ' ಅಂತ ಬಿಡಿಸಿ ಹೇಳುವುದೇ ಒಳ್ಳೆಯದೇ?

ಹಾಗಾಗಿ ಕೇಳುತ್ತಿರುವುದು ಇಷ್ಟು. ವಾಹನದ ಮಾತಿನಲ್ಲಿ ಬಿರಡೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? 'ಬೀಗದ ಬಿರಡೆ' ಅಂದರೆ 'ಬೀಗದ ಮುಚ್ಚಳ'ದಂಥ ಗೊಂದಲ ಇರುವುದಿಲ್ಲ ಅಂದುಕೊಂಡಿದ್ದೇನೆ, ನಿಮಗೂ ಹಾಗೇ ಕೇಳಿಸುತ್ತದೆಯೇ? ಬರಿದೆ ಸುತ್ತುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದ್ದರೆ ದಯವಿಟ್ಟು ಅದನ್ನು ಬಳಸುವ ಪೂರ್ತಿ ವಾಕ್ಯದ ಸಮೇತ ಬರೆಯಿರಿ.