ಅಪ್‌ಡೇಟ್: ತಮ್ಮ ಟ್ರಯಲ್‌ಗೆ ಸೇರಿದ್ದಾನೆ

ತಮ್ಮನಿಗೆ 17 ವರ್ಷ, ರಕ್ತದ ಕ್ಯಾನ್ಸರ್. ಮಣಿಪಾಲದ ಡಾಕ್ಟ್ರು ಕ್ಲಿನಿಕಲ್ ಟ್ರಯಲ್ (ಹೊಸ ಚಿಕಿತ್ಸೆ ಎಷ್ಟು ಕೆಲಸ ಮಾಡುತ್ತದೆ ಅಂತ ರೋಗಿಗಳಲ್ಲಿ ನೋಡುವ ಅಧ್ಯಯನ) ಬಗ್ಗೆ ಹೇಳಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಅವನು ಸೇರಿದ್ದಾನೆ.

ಅಮ್ಮನಿಗೆ ಇದ್ದದ್ದು ಒಂದೇ ಭಯ: "ನನ್ನ ಮಗನ ಮೇಲೆ ಪ್ರಯೋಗ ಮಾಡ್ತಾರಾ?" ಟ್ರಯಲ್‌ನಲ್ಲಿ ಎರಡು ಗುಂಪು, ಈಗಿನ ಚಿಕಿತ್ಸೆ ಎರಡಕ್ಕೂ ಸಿಗುತ್ತದೆ, ಒಂದು ಗುಂಪಿಗೆ ಅದರ ಜೊತೆ ಇನ್ನೊಂದು ಔಷಧಿ ಅಂತ ಡಾಕ್ಟ್ರು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ನೀವು ಹೇಳಿದಂತೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ವೆಬ್‌ಸೈಟ್‌ನಲ್ಲೂ ನೋಡಿದೆವು. ನೋಂದಣಿ ಆಗಿದೆ. 2009ರ ಜೂನ್ 15ರಿಂದ ಇದು ಕಡ್ಡಾಯ.

ಆದರೆ ನಿರ್ಧಾರ ಮಾಡಿದ್ದು ತಮ್ಮನೇ. ಕನ್ನಡದ ಒಪ್ಪಿಗೆ ಪತ್ರ ಹಿಡಿದು, ಪರೀಕ್ಷೆಗೆ ಓದುವ ಹಾಗೆ ಪೆನ್ನಲ್ಲಿ ಗೆರೆ ಹಾಕಿದ. ಮಧ್ಯದಲ್ಲಿ ಬಿಟ್ಟರೆ ಚಿಕಿತ್ಸೆ ನಿಲ್ಲುತ್ತಾ? ಪಿಯುಸಿ ಪರೀಕ್ಷೆ ಬರೆಯಬಹುದಾ? ಕೂದಲು ಜಾಸ್ತಿ ಉದುರುತ್ತಾ? ಎಲ್ಲ ಅವನೇ ಕೇಳಿದ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತದೆ ಅಂದರು. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಕ್ಲಿನಿಕಲ್ ಟ್ರಯಲ್‌ಗಳ ಬಗ್ಗೆ ಇರುವ 2019ರ ಸರ್ಕಾರಿ ನಿಯಮದಲ್ಲೇ ಇವೆ.

ಅಪ್ಪ ಸಹಿ ಹಾಕಿದರು, ತಮ್ಮನೂ ಹಾಕಿದ. 18 ತುಂಬಿದ ಮೇಲೆ ಅವನಿಂದಲೇ ಹೊಸದಾಗಿ ಒಪ್ಪಿಗೆ ಪಡೆಯಬೇಕಂತೆ. ಈ ವಯಸ್ಸಿನವರು ಮಕ್ಕಳ ವಾರ್ಡಿಗೂ ಅಲ್ಲ, ದೊಡ್ಡವರ ವಾರ್ಡಿಗೂ ಅಲ್ಲ. ಎಲ್ಲರೂ ಅಪ್ಪ ಅಮ್ಮನ ಜೊತೆ ಮಾತಾಡುತ್ತಾರೆ. ದಯವಿಟ್ಟು ಮೊದಲು ಈ ವಯಸ್ಸಿನ ರೋಗಿಗಳನ್ನೇ ಕೇಳಿ.

ಉಡುಪಿ, ಮಂಗಳೂರು ಕಡೆ ಚಿಕಿತ್ಸೆಯಲ್ಲಿರುವ ಇದೇ ವಯಸ್ಸಿನವರು ಯಾರಾದರೂ ಇದ್ದರೆ ತಿಳಿಸಿ. ಅವರ ಜೊತೆ ಮಾತಾಡಬೇಕು ಅಂತಿದ್ದಾನೆ.