ಪದಚರ್ಚೆ: ‘ಟಾನಿಕ್ ಇಮ್ಮೊಬಿಲಿಟಿ’ಗೆ ಕನ್ನಡದಲ್ಲಿ ಯಾವ ಪದ ಸಲ್ಲುತ್ತದೆ?

ಮಾನ್ಯರೇ,

ಪ್ರಾಣಿಗಳ ವರ್ತನೆಯನ್ನು ಕುರಿತ ಬರಹವೊಂದಕ್ಕಾಗಿ ‘ಟಾನಿಕ್ ಇಮ್ಮೊಬಿಲಿಟಿ’ ಎಂಬ ಪಾರಿಭಾಷಿಕ ಪದಕ್ಕೆ ತಕ್ಕ ಕನ್ನಡ ಪದವನ್ನು ಹುಡುಕುತ್ತಿದ್ದೇನೆ. ವೈರಿಯ ಹಿಡಿತಕ್ಕೆ ಸಿಕ್ಕಿ, ತಪ್ಪಿಸಿಕೊಳ್ಳುವ ದಾರಿಯೆಲ್ಲ ಮುಚ್ಚಿಹೋದಾಗ ಪ್ರಾಣಿಯ ಮೈ ಕೆಲಕಾಲ ಸ್ವಾಧೀನ ತಪ್ಪಿ, ಅಲುಗಾಡದೆ ಬಿದ್ದುಕೊಂಡು, ಆಮೇಲೆ ತಾನಾಗಿಯೇ ಮೊದಲಿನಂತಾಗುವ ಸ್ಥಿತಿಗೆ ಈ ಹೆಸರಿದೆ. ಇದನ್ನು ‘ತಾತ್ಕಾಲಿಕ ಪಾರ್ಶ್ವವಾಯು’ ಎಂದೋ ‘ಸತ್ತಂತೆ ನಟಿಸುವುದು’ ಎಂದೋ ಬರೆದುಬಿಡಬಹುದಾದರೂ, ಎರಡೂ ಓದುಗರನ್ನು ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದರ ತೊಡಕು ಸ್ಪಷ್ಟವಾಗಿಯೇ ಇದೆ. ಪಾರ್ಶ್ವವಾಯು, ಲಕ್ವ ಎಂದಾಗ ಮೆದುಳಿಗೋ ನರಕ್ಕೋ ಆದ ಹಾನಿ ನೆನಪಿಗೆ ಬರುತ್ತದೆ. ಇಲ್ಲಿ ಅಂಥ ಹಾನಿಯೂ ಇಲ್ಲ, ರೋಗವೂ ಇಲ್ಲ.

ಎರಡನೆಯದನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. 1646ರಲ್ಲಿ ಅಥನೇಸಿಯಸ್ ಕಿರ್ಚರ್ ಎಂಬ ಪಾದ್ರಿ ವಿದ್ವಾಂಸ, ಕಾಲು ಕಟ್ಟಿದ ಕೋಳಿಯನ್ನು ನೆಲಕ್ಕೆ ಒರಗಿಸಿ, ಅದರ ಕಣ್ಣೆದುರು ಸೀಮೆಸುಣ್ಣದ ಗೆರೆ ಎಳೆದು, ಕಟ್ಟು ಬಿಚ್ಚಿದ ಮೇಲೂ ಅದು ಏಳದೆ ಮಲಗಿರುವುದನ್ನು ವರ್ಣಿಸಿದ. ಗೆರೆಯನ್ನೇ ಹಗ್ಗವೆಂದು ಕೋಳಿ ಭ್ರಮಿಸುತ್ತದೆ ಎಂಬುದು ಅವನ ವಿವರಣೆಯಾಗಿತ್ತು. ಗೆರೆಯ ಅಗತ್ಯವೇ ಇಲ್ಲವೆಂಬುದು ಈಗ ಗೊತ್ತಿದೆ. ಕೋಳಿ ಸಾಕಣೆಯ ಸಂಶೋಧಕರು ಹಕ್ಕಿಯನ್ನು ಅಂಗಾತ ಮಲಗಿಸಿ, ಹತ್ತು ಹದಿನೈದು ಸೆಕೆಂಡು ಮೆಲ್ಲಗೆ ಒತ್ತಿ ಹಿಡಿದು ಕೈ ತೆಗೆಯುತ್ತಾರೆ. ಅದು ಎದ್ದು ನಿಲ್ಲಲು ಹೆಚ್ಚು ಹೊತ್ತು ತೆಗೆದುಕೊಂಡಷ್ಟೂ ಅದರ ಅಂಜಿಕೆ ಹೆಚ್ಚೆಂದು ಅಳೆಯುತ್ತಾರೆ. ಆ ಹೊತ್ತಿನಲ್ಲಿ ಅದರ ರೆಪ್ಪೆಗಳು ಆಗಾಗ ಮುಚ್ಚಿ ತೆರೆಯುತ್ತವೆ, ಕಾಲುಗಳಲ್ಲಿ ಸಣ್ಣ ನಡುಕ ಕಾಣುತ್ತದೆ.

ಅಮೆರಿಕದ ಒಪೋಸಮ್ ಎಂಬ, ಬೆಕ್ಕಿನ ಗಾತ್ರದ ಹೊಟ್ಟೆಚೀಲದ ಪ್ರಾಣಿ ಇನ್ನೂ ಸ್ಪಷ್ಟವಾದ ನಿದರ್ಶನ. ಅದು ಬಾಯಿ ತೆರೆದು, ನಾಲಿಗೆ ಚಾಚಿ, ಜೊಲ್ಲು ಸುರಿಸುತ್ತ ಬಿದ್ದಿರುತ್ತದೆ. ಗುದದ ಬಳಿಯ ಗ್ರಂಥಿಗಳಿಂದ ದುರ್ನಾತದ ದ್ರವ ಒಸರುತ್ತದೆ. ಎತ್ತಿದರೂ ತಿವಿದರೂ ಮಿಸುಕುವುದಿಲ್ಲ. ಆದರೆ ಆ ಸ್ಥಿತಿಯಲ್ಲಿ ಅದರ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದಾಗ ಅದು ಎಚ್ಚರದಲ್ಲಿರುವ ಪ್ರಾಣಿಯದರಂತೆಯೇ ಇತ್ತು. ಹಾಗಾಗಿ ‘ಮೂರ್ಛೆ’ ಎನ್ನಲೂ ಆಗದು. ಬೇಕೆಂದಾಗ ಮಾಡಿ ಬೇಡವೆಂದಾಗ ಬಿಡಬಹುದಾದ ಕ್ರಿಯೆಯೂ ಇದಲ್ಲವಾದ್ದರಿಂದ, ಕರ್ತೃವಿನ ಇಚ್ಛೆಯನ್ನು ಒಳಗೊಂಡ ‘ನಟಿಸು’, ‘ಸೋಗು ಹಾಕು’ ಎಂಬ ಕ್ರಿಯಾಪದಗಳು ಹೊಂದುವುದಿಲ್ಲ. ಸತ್ತಂತೆ ಅಂಗಾತ ಬಿದ್ದಿರುವ ಹಾಗ್‌ನೋಸ್ ಎಂಬ ಹಾವನ್ನು ಕವುಚಿ ಹಾಕಿದರೆ ಮತ್ತೆ ಅಂಗಾತ ಹೊರಳಿಕೊಳ್ಳುವುದನ್ನು ಕಂಡವರಿಗೆ ನಟನೆಯೆಂದೇ ತೋರೀತು, ನಿಜ. ಆದರೆ ಒಂದು ಹಾವಿನ ನಡವಳಿಕೆಯನ್ನು ನೋಡಿ ಇಡೀ ಪರಿಭಾಷೆಯನ್ನು ರೂಪಿಸಲಾಗದು.

ಈ ವಿಷಯದಲ್ಲಿ ನಾನು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಇದೇ ಸ್ಥಿತಿ ಮನುಷ್ಯರಲ್ಲೂ ಉಂಟಾಗುತ್ತದೆ. ಅತ್ಯಾಚಾರಕ್ಕೆ ಒಳಗಾಗಿ ಸ್ವೀಡನ್ನಿನ ಚಿಕಿತ್ಸಾಲಯವೊಂದಕ್ಕೆ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಯಿತು, ಅವರಲ್ಲಿ ಶೇ. 70ರಷ್ಟು ಮಂದಿ ಆ ಹೊತ್ತಿನಲ್ಲಿ ಗಣನೀಯ ಮಟ್ಟದಲ್ಲಿ ಹೀಗೆ ಸ್ವಾಧೀನ ತಪ್ಪಿದ್ದಾಗಿ ಹೇಳಿದ್ದರು. ‘ಏಕೆ ಕೂಗಲಿಲ್ಲ, ಏಕೆ ಪ್ರತಿಭಟಿಸಲಿಲ್ಲ’ ಎಂಬ ಪ್ರಶ್ನೆಗೆ ಉತ್ತರವಾಗಬೇಕಾದ ಪದದೊಳಗೆ ನಟನೆಯ ಸೋಂಕು ಎಳ್ಳಷ್ಟೂ ಇರಕೂಡದು.

ಹಾಗಾದರೆ ಯಾವ ಪದ? ನನಗೆ ಹತ್ತಿರವೆನಿಸಿದ್ದು ‘ಸ್ತಂಭ’. ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ, ಅಂದರೆ ಮನಸ್ಸಿನ ಭಾವ ಮೈಯಲ್ಲಿ ತಾನಾಗಿ ತೋರುವ ಚಿಹ್ನೆಗಳಲ್ಲಿ, ಸ್ವೇದ (ಬೆವರು), ರೋಮಾಂಚ, ಕಂಪಗಳ ಜೊತೆಗೆ ಇದನ್ನೂ ಎಣಿಸಿದ್ದಾರೆ. ಭಯದಿಂದ, ಬೆರಗಿನಿಂದ ಮೈ ಚಲನೆಯನ್ನು ಕಳೆದುಕೊಳ್ಳುವುದೇ ಅದರ ಲಕ್ಷಣ. ಮೂರ್ಛೆಗೆ ಅಲ್ಲಿ ‘ಪ್ರಳಯ’ ಎಂಬ ಬೇರೆಯೇ ಹೆಸರಿರುವುದರಿಂದ, ನಮಗೆ ಬೇಕಾದ ವ್ಯತ್ಯಾಸವೂ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಬರಿಯ ‘ಸ್ತಂಭ’ ಎಂದರೆ ಇಂದಿನ ಓದುಗರಿಗೆ ಕಂಬ. ‘ಸ್ತಂಭನ’ ಎಂದರೆ ಪತ್ರಿಕೆಗಳ ಹೃದಯ ಸ್ತಂಭನವೋ ಮಾಂತ್ರಿಕರ ಜಲಸ್ತಂಭನವೋ ನೆನಪಾಗುತ್ತದೆ. ‘ಭಯಸ್ತಂಭನ’ ಎನ್ನೋಣವೆಂದರೆ ಶಾರ್ಕ್ ಅಡ್ಡಬರುತ್ತದೆ: ಲೆಮನ್ ಶಾರ್ಕನ್ನು ಅಂಗಾತ ತಿರುಗಿಸಿ ಹಿಡಿದರೆ ಸುಮಾರು ಒಂದು ನಿಮಿಷದೊಳಗೆ ಅದರ ಸ್ನಾಯುಗಳು ಸಡಿಲಗೊಂಡು ಉಸಿರಾಟ ಒಂದು ಲಯಕ್ಕೆ ಬರುತ್ತದೆ, ಅದು ಭಯದಿಂದಲೇ ಆಗುತ್ತದೆ ಎಂದು ಹೆಸರಿನಲ್ಲೇ ತೀರ್ಮಾನಿಸುವುದು ಸರಿಯಲ್ಲ.

ಆದ್ದರಿಂದ ಸ್ಥಿತಿಗೆ ‘ಸ್ತಂಭಾವಸ್ಥೆ’, ಕ್ರಿಯೆಗೆ ‘ಸ್ತಂಭಿಸು’ ಎಂದು ಬಳಸುವ ಯೋಚನೆಯಿದೆ. ಮೂಲದ ‘ಟಾನಿಕ್’ ಸ್ನಾಯುಗಳ ಬಿಗುವಿಗೆ ಸಂಬಂಧಿಸಿದ್ದು. ಹಾಗೆಯೇ ಉಳಿಸಿಕೊಂಡರೆ ನಮ್ಮ ಓದುಗರು ಶಕ್ತಿವರ್ಧಕ ಔಷಧವೆಂದು ತಿಳಿದಾರು. ‘ಮರಗಟ್ಟು’ ಚಳಿಗೂ ಜೋಮಿಗೂ ಸಲ್ಲುವ ಪದ. ‘ಸೆಟೆದುಕೊಳ್ಳು’ ಎಂಬುದು ಮೈ ಬಿಗಿಯಾಗುವ ಕಡೆ ಒಪ್ಪಿದರೂ ಸಡಿಲವಾಗಿ ಜೋತುಬೀಳುವ ಶಾರ್ಕಿಗೆ ಒಪ್ಪುವುದಿಲ್ಲ.

ಸದಸ್ಯರಲ್ಲಿ ನನ್ನ ಪ್ರಶ್ನೆಗಳು ಎರಡು. ‘ಸ್ತಂಭಾವಸ್ಥೆ’ಯನ್ನು ಈ ಅರ್ಥದಲ್ಲಿ, ಅಥವಾ ಇದಕ್ಕೆ ತೊಡಕಾಗುವ ಬೇರೆ ಅರ್ಥದಲ್ಲಿ, ಪಶುವೈದ್ಯ ಅಥವಾ ಮನೋವಿಜ್ಞಾನದ ಬರಹಗಳಲ್ಲಿ ಯಾರಾದರೂ ಕಂಡಿದ್ದೀರಾ? ಹಾಗೆಯೇ, ಸಪ್ಪಳ ಕೇಳಿದ ಜಿಂಕೆ ಮೈಯೆಲ್ಲ ಕಿವಿಯಾಗಿ, ಓಡಲು ಸಿದ್ಧವಾಗಿ, ಕದಲದೆ ನಿಲ್ಲುವ ಮೊದಲ ಹಂತವನ್ನು ಇದರಿಂದ ಬೇರ್ಪಡಿಸಿ ಹೇಳಲು ಅಚ್ಚಗನ್ನಡದ ಪದವೊಂದನ್ನು ಸೂಚಿಸಬಲ್ಲಿರಾ?