ಮೀಥೈಲ್ ಜಾಸ್ಮೊನೇಟ್ ಸಿಂಪಡಿಸಿದ ಮೇಲೆ ತುಳಸಿ ಕುಗ್ಗಿದೆ, ಸಿಂಪಡಿಸದ ಕುಂಡಗಳಲ್ಲೂ ಅದೇ ಲಕ್ಷಣ

ಪ್ರಶ್ನೆ:
ಎಲೆಯ ಎಣ್ಣೆ ಹೆಚ್ಚಲೆಂದು ತುಳಸಿಗೆ 100 ಮೈಕ್ರೋಮೋಲಾರ್ ಮೀಥೈಲ್ ಜಾಸ್ಮೊನೇಟ್ (ಗಿಡದ ರಕ್ಷಣೆಯನ್ನು ಚುರುಕುಗೊಳಿಸುವ ಸಸ್ಯ ಹಾರ್ಮೋನು) ಕೊಡಬೇಕಿತ್ತು. ಲೀಟರ್ ನೀರಿಗೆ 100 ಮೈಕ್ರೋಲೀಟರ್ ಹಾಕಿ ಕುಲುಕಿ, ವಾರಕ್ಕೆರಡು ಸಲ, ಮೂರು ವಾರ ಸಿಂಪಡಿಸಿದೆ. ಕೆಳಗಿನ ಎಲೆ ಹಳದಿ, ಅಲ್ಲಲ್ಲಿ ಸುಟ್ಟ ಚುಕ್ಕೆ, ಹೊಸ ಎಲೆ ತೀರಾ ಚಿಕ್ಕದು. ಬರೀ ನೀರು ಕೊಟ್ಟು ಪಕ್ಕದಲ್ಲೇ ಇಟ್ಟ ಕುಂಡಗಳೂ ಮಂಕಾಗಿವೆ. ಬೆಳವಣಿಗೆಯ ಹಾರ್ಮೋನು ಜಿಬ್ಬರೆಲಿನ್ ಕೊಟ್ಟರೆ ಚೇತರಿಸುತ್ತವೆಯೇ?

ಉತ್ತರ 1:
ಮೈಕ್ರೋಮೋಲಾರ್‌ಗೂ ಮೈಕ್ರೋಲೀಟರ್‌ಗೂ ಅದಲುಬದಲಾಗಿದೆ. ಮೊದಲನೆಯದು ಲೀಟರಿಗೆ ಎಷ್ಟು ಅಣುಗಳು ಎಂಬ ಲೆಕ್ಕ, ಎರಡನೆಯದು ದ್ರವದ ಗಾತ್ರ. ಮೀಥೈಲ್ ಜಾಸ್ಮೊನೇಟಿನ ಅಣುತೂಕ 224.3, ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.03 ಗ್ರಾಂ. ನೀವು ಹಾಕಿದ್ದು 103 ಮಿಲಿಗ್ರಾಂ, ಅಂದರೆ ಸುಮಾರು 460 ಮೈಕ್ರೋಮೋಲಾರ್. ಬೇಕಿದ್ದದ್ದು 22 ಮೈಕ್ರೋಲೀಟರ್ ಅಷ್ಟೇ. ಸಾಲದ್ದಕ್ಕೆ ಇದು ನೀರಿನಲ್ಲಿ ಸರಿಯಾಗಿ ಬೆರೆಯದೆ ಸಣ್ಣ ಹನಿಗಳಾಗಿ ಉಳಿಯುತ್ತದೆ. ಸುಟ್ಟ ಚುಕ್ಕೆಗಳು ಬಹುಶಃ ಆ ಹನಿಗಳು ಬಿದ್ದ ಜಾಗ.

218 ಮೈಕ್ರೋಲೀಟರ್ ತೆಗೆದುಕೊಂಡು ಎಥನಾಲ್ ಸೇರಿಸಿ ಒಟ್ಟು 10 ಮಿಲಿಲೀಟರ್ ಮಾಡಿ. ಇದು 100 ಮಿಲಿಮೋಲಾರ್ ಮೂಲದ್ರಾವಣ. ಲೀಟರ್ ನೀರಿಗೆ ಇದು 1 ಮಿಲಿಲೀಟರ್, ಟ್ವೀನ್-20 (ಎಣ್ಣೆ-ನೀರು ಬೆರೆಸುವ ಸೋಪಿನಂಥ ದ್ರವ) ಅರ್ಧ ಮಿಲಿಲೀಟರ್. ಹೋಲಿಕೆಯ ಗಿಡಕ್ಕೆ ಬರೀ ನೀರು ಸಾಲದು, ಅಷ್ಟೇ ಎಥನಾಲ್, ಅಷ್ಟೇ ಟ್ವೀನ್ ಇರುವ ನೀರು ಕೊಡಿ.

ಉತ್ತರ 2:
ಪಕ್ಕದ ಕುಂಡಗಳ ಗುಟ್ಟು ಗಾಳಿಯಲ್ಲಿದೆ. ಮೀಥೈಲ್ ಜಾಸ್ಮೊನೇಟ್ ಆವಿಯಾಗುತ್ತದೆ, ಆವಿಗೂ ಗಿಡ ಸ್ಪಂದಿಸುತ್ತದೆ. ಒಂದೇ ಕೋಣೆಯಲ್ಲಿಟ್ಟ ಹೋಲಿಕೆ ಹೋಲಿಕೆಯೇ ಅಲ್ಲ. ಬೇರೆ ಕೋಣೆ ಬೇಕು, ಸಿಂಪಡಣೆಯ ಪಂಪೂ ಬೇರೆ.

ಜಿಬ್ಬರೆಲಿನ್ ಬೇಡ. ಜಾಸ್ಮೊನೇಟ್ ಬಂದಾಗ ಜಾಜ್ ಎಂಬ ತಡೆ ಪ್ರೋಟೀನುಗಳು ನಾಶವಾಗಿ, ಅವು ಹಿಡಿದಿಟ್ಟಿದ್ದ ಮೈಕ್-2 (ಜೀನುಗಳನ್ನು ಚಾಲೂ ಮಾಡುವ ಪ್ರೋಟೀನು) ಬಿಡುಗಡೆಯಾಗುತ್ತದೆ. ರಕ್ಷಣಾ ರಾಸಾಯನಿಕಗಳ ಜೀನುಗಳು ಚುರುಕಾಗುತ್ತವೆ, ಬೆಳವಣಿಗೆ ಹಿಂದೆ ಬೀಳುತ್ತದೆ. ಜಿಬ್ಬರೆಲಿನ್ ನಾಶಮಾಡುವುದು ಬೆಳವಣಿಗೆಗೆ ತಡೆಯೊಡ್ಡುವ ಡೆಲ್ಲಾ ಪ್ರೋಟೀನುಗಳನ್ನು. ಜಾಜ್‌ಗೆ ಅಂಟಿಕೊಂಡು ಅದನ್ನು ತಡೆಯುತ್ತಿದ್ದದ್ದು ಇದೇ ಡೆಲ್ಲಾ. ಅದು ಹೋದರೆ ಜಾಜ್ ಮತ್ತೆ ಮೈಕ್-2ರ ಮೇಲೆ ಕೂರುತ್ತದೆ. ಕಾಂಡ ಉದ್ದವಾದೀತು, ಜಾಸ್ಮೊನೇಟ್ ಕೊಟ್ಟ ಉದ್ದೇಶವೇ ಕೆಡಬಹುದು.

ಪ್ರಶ್ನೆ ಕೇಳಿದವರು:
ಆದರೆ ಸೂಕ್ಷ್ಮದರ್ಶಕದಲ್ಲಿ ಎಣ್ಣೆಗ್ರಂಥಿಗಳು ಒತ್ತಾಗಿ ಕಾಣುತ್ತಿವೆ. ಅದು ಲಾಭವಲ್ಲವೇ?

ಉತ್ತರ 2:
ಎಲೆ ಚಿಕ್ಕದಾದರೆ ಇದ್ದಷ್ಟೇ ಗ್ರಂಥಿಗಳೂ ಒತ್ತಾಗಿಯೇ ಕಾಣುತ್ತವೆ. ಚದರ ಮಿಲಿಮೀಟರಿಗಲ್ಲ, ಇಡೀ ಎಲೆಗೆ ಎಣಿಸಿ. ಅದೂ ಸಿಂಪಡಿಸಿದ ನಂತರ ಮೂಡಿದ ಎಲೆಯಲ್ಲಿ. ಪೂರ್ತಿ ಅರಳಿದ ಎಲೆಯಲ್ಲಿ ಹೊಸ ಗ್ರಂಥಿ ಹುಟ್ಟುವುದು ಕಡಿಮೆ. ಎಣ್ಣೆಯ ಲೆಕ್ಕವೂ ಗಿಡಕ್ಕೆ ಎಷ್ಟು ಅಂತಲೇ ಇರಲಿ. 10 ಗ್ರಾಂ ಒಣ ಎಲೆಯಲ್ಲಿ ಶೇ. 1 ಎಣ್ಣೆಯಿದ್ದರೆ 100 ಮಿಲಿಗ್ರಾಂ. ಎಲೆ 7 ಗ್ರಾಂಗೆ ಇಳಿದು ಎಣ್ಣೆ ಶೇ. 1.3ಕ್ಕೆ ಏರಿದರೂ ಸಿಗುವುದು 91.

ಉತ್ತರ 1:
ಈಗಿನ ಗಿಡಗಳಿಗೆ ಸಿಂಪಡಣೆ ನಿಲ್ಲಿಸಿ, ಗಾಳಿ ಆಡಲಿ, ಹೊಸ ಚಿಗುರು ನೋಡಿ. ಮುಂದಿನ ಸಲ 0, 50, 100, 200 ಮೈಕ್ರೋಮೋಲಾರ್, ತಲಾ ಐದಾರು ಕುಂಡ, ಸಂಜೆ ಒಂದೇ ಸಿಂಪಡಣೆ. ಹತ್ತು ದಿನ ಕಾದು ಎಲೆ ತೂಗಿದ ಮೇಲೆಯೇ ಎರಡನೆಯದರ ಮಾತು.